ನೂರು ಎಲೆ, ನಾಲ್ಕು ಜನ

ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕರು ಕೇಳಿದಾಗ, "ನಾನು ಕವಿತೆ ಬರೆಯುವವನಲ್ಲ, ಕಾಮರ್ಸಿನವ. ಬೇಕಾದರೆ ಇಸ್ಪೀಟಿನ ಬಗ್ಗೆ ಬರೆದೇನು" ಅಂದೆ. ಅವರು ನಕ್ಕರು. ನಾನು ನಗಲಿಲ್ಲ. ಎರಡು ತಿಂಗಳಿಂದ ನನ್ನ ತಲೆಯಲ್ಲಿರುವುದು ಒಂದೇ ಪ್ರಶ್ನೆ. ನಾಲ್ಕು ಜನ ಕೂತು ಆಡುವ ಆಟಕ್ಕೆ ಒಬ್ಬ ತನ್ನ ಎಲೆಗಳ ಕಟ್ಟನ್ನು ಹೇಗೆ ಕಟ್ಟಿಕೊಂಡು ಬರಬೇಕು? ಗೆಲ್ಲುವ ಹಾಗೋ, ಆಡುವ ಹಾಗೋ? ಎರಡೂ ಒಂದೇ ಅಂತ ನಾನೂ ತಿಳಿದಿದ್ದೆ. ಹಾಗೆ ತಿಳಿದದ್ದರಿಂದ ಡೊಂಬಿವಿಲಿಯ ಗೆಳೆಯನೊಬ್ಬ ಭಾನುವಾರ ನಮ್ಮಲ್ಲಿಗೆ ಬರುವುದನ್ನೇ ನಿಲ್ಲಿಸಿದ. ಹೀಗಾಗಿ ನನಗೆ ಇದು ತಮಾಷೆಯ ವಿಷಯವಾಗಿ ಉಳಿದಿಲ್ಲ.

ಇಸ್ಪೀಟು ಅಂದದ್ದು ಸುಲಭವಾಗಲಿ ಅಂತ. ಆಟದ ಹೆಸರು ಮ್ಯಾಜಿಕ್: ದ ಗ್ಯಾದರಿಂಗ್. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಪಂಡಿತ ಇದನ್ನು ಕಟ್ಟಿದ. 1993ರಲ್ಲಿ ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪನಿ ಹೊರತಂದಿತು. ನಮ್ಮ ರಮ್ಮಿಯಲ್ಲಾದರೆ 52 ಎಲೆ ಎಲ್ಲರಿಗೂ ಸೇರಿದ್ದು. ಕಲಸಿ ಹಂಚಿದ ಮೇಲೆ ಅವರವರ ಹಣೆಬರಹ. ಇಲ್ಲಿ ಹಾಗಲ್ಲ. ಪ್ರತಿಯೊಬ್ಬನೂ ಮನೆಯಿಂದಲೇ ತನ್ನ ಕಟ್ಟನ್ನು ಕಟ್ಟಿಕೊಂಡು ಬರುತ್ತಾನೆ. ಇದುವರೆಗೆ ಅಚ್ಚಾದ ಬೇರೆ ಬೇರೆ ಎಲೆಗಳು 25 ಸಾವಿರಕ್ಕೂ ಹೆಚ್ಚು; ಅದರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಅಂದರೆ ಅರ್ಧ ಆಟ ಮನೆಯಲ್ಲಿ, ಒಬ್ಬನೇ ಕೂತಿದ್ದಾಗಲೇ ಮುಗಿದಿರುತ್ತದೆ. ನನ್ನ ತಕರಾರು ಈ ಅರ್ಧದ ಬಗ್ಗೆ. ದುಡ್ಡು ಕಟ್ಟಿ ಆಡುವ ಆಟವಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಹಿರಿಯರೂ ಈ ಪತ್ರಿಕೆ ಓದುತ್ತಾರೆ.

ನಾವು ಆಡುವ ಬಗೆಗೆ ಕಮಾಂಡರ್ ಅಂತ ಹೆಸರು. ಕಟ್ಟಿನಲ್ಲಿ ಸರಿಯಾಗಿ 100 ಎಲೆ. ಅದರಲ್ಲಿ ಒಂದು ಎಲೆ ನಾಯಕ. ಅವನು ಕಟ್ಟಿನೊಳಗೆ ಹೋಗುವುದಿಲ್ಲ. ಎಲ್ಲರ ಕಣ್ಣಿಗೂ ಕಾಣುವಂತೆ ಪಕ್ಕದಲ್ಲಿ ಕೂತಿರುತ್ತಾನೆ, ಬೆಲೆ ತೆತ್ತರೆ ಯಾವಾಗ ಬೇಕಾದರೂ ಅಂಗಳಕ್ಕೆ ಬರುತ್ತಾನೆ. ಸತ್ತರೆ ಮತ್ತೆ ಕರೆಯಬಹುದು, ಪ್ರತಿ ಸಲ ಎರಡು ಹೆಚ್ಚು ತೆರಬೇಕು. ಉಳಿದ 99ರಲ್ಲಿ ಮಾಮೂಲು ಜಮೀನಿನ ಎಲೆ ಬಿಟ್ಟರೆ ಯಾವುದೂ ಎರಡು ಇರುವಂತಿಲ್ಲ. ನಾಯಕನ ಬಣ್ಣದ ಎಲೆಗಳಷ್ಟೇ ಸಲ್ಲುತ್ತವೆ. ಪ್ರತಿಯೊಬ್ಬನಿಗೂ 40 ಜೀವ. ಸಾಮಾನ್ಯವಾಗಿ ನಾಲ್ಕು ಜನ ಸುತ್ತ ಕೂರುತ್ತಾರೆ, ಕೊನೆಗೆ ಉಳಿದವನು ಗೆದ್ದ.

ಈ ಬಗೆ ಕಂಪನಿಯ ಆಫೀಸಿನಲ್ಲಿ ಹುಟ್ಟಿದ್ದಲ್ಲ. ಅಲಾಸ್ಕಾದ ಆಟಗಾರರು ತಮ್ಮತಮ್ಮೊಳಗೆ ಕಟ್ಟಿಕೊಂಡದ್ದು. 1994ರಲ್ಲಿ ಬಂದ ಐದು ಹಿರಿಯ ಡ್ರ್ಯಾಗನ್ ಎಲೆಗಳಲ್ಲಿ ಒಂದೊಂದನ್ನು ನಾಯಕನಾಗಿ ಇಟ್ಟುಕೊಂಡು ಆಡುತ್ತಿದ್ದರಂತೆ. ಆಟದ ತೀರ್ಪುಗಾರನಾಗಿದ್ದ ಶೆಲ್ಡನ್ ಮೆನರಿ ಎಂಬಾತ ಅದನ್ನು ಊರೂರಿಗೆ ಒಯ್ದ. ಪಂದ್ಯ ಮುಗಿದ ಮೇಲೆ ರಾತ್ರಿ ತೀರ್ಪುಗಾರರು ಕೂತು ಆಡುವ ಆಟವಾಗಿತ್ತು ಇದು. ಇಡೀ ದಿನ ಇನ್ನೊಬ್ಬರ ಸೋಲು ಗೆಲುವು ನೋಡಿ ದಣಿದವರಿಗೆ ಬೇಕಾದದ್ದು ನಾಲ್ಕು ಮಾತು, ಒಂದಿಷ್ಟು ನಗು. ಕಂಪನಿ ತಾನೇ ಸಿದ್ಧ ಕಟ್ಟುಗಳನ್ನು ಮಾಡಿ ಮಾರತೊಡಗಿದ್ದು 2011ರಲ್ಲಿ. ಮೆನರಿ 2023ರಲ್ಲಿ ತೀರಿಕೊಂಡ. ಈ ಚರಿತ್ರೆ ನನಗೆ ಮೊದಲು ಗೊತ್ತಿರಲಿಲ್ಲ. ಗೊತ್ತಿದ್ದರೆ ನನ್ನ ಎರಡನೆಯ ಕಟ್ಟನ್ನು ಕಟ್ಟುತ್ತಿದ್ದೆನೋ ಇಲ್ಲವೋ.

ಮೊದಲನೆಯದರ ಕಥೆ ಮೊದಲು. ಈ ಆಟದಲ್ಲಿ ಏನು ಮಾಡಬೇಕಾದರೂ ಬಂಡವಾಳ ಬೇಕು, ಅದಕ್ಕೆ ಮಾನಾ ಅನ್ನುತ್ತಾರೆ. ಮಾನಾ ಹುಟ್ಟುವುದು ಮುಖ್ಯವಾಗಿ ಜಮೀನಿನ ಎಲೆಯಿಂದ. ಒಂದು ಸರದಿಗೆ ಒಂದು ಜಮೀನು ಹಾಕಬಹುದು. ಹೊಸಬನಿಗೆ ಜಮೀನಿನ ಎಲೆ ಅಂದರೆ ಬೇಸರ. ಅದರ ಮೇಲೆ ಬೆಟ್ಟವೋ ಕಾಡೋ ಬರೆದಿರುತ್ತದೆ, ಅಷ್ಟೆ. ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ಡ್ರ್ಯಾಗನ್ ಇರುವಾಗ ಬೆಟ್ಟ ಯಾರಿಗೆ ಬೇಕು? ನಾನು 30 ಜಮೀನು ಇಟ್ಟು ಉಳಿದದ್ದರಲ್ಲಿ ದೊಡ್ಡ ದೊಡ್ಡ ಪ್ರಾಣಿಗಳನ್ನು ತುಂಬಿದೆ. ಭಾನುವಾರ ಬಂತು. ಮೂರನೆಯ ಸರದಿಗೆ ನನ್ನ ಮುಂದೆ ಒಂದು ಜಮೀನು, ಕೈಯಲ್ಲಿ ಏಳು ಡ್ರ್ಯಾಗನ್. ಗೆಳೆಯರು ಆಡುತ್ತಿದ್ದರು, ನಾನು ಚಹಾ ಮಾಡಿ ತರುತ್ತಿದ್ದೆ. ಪಾಪ ಅಂತ ಯಾರೂ ನನ್ನ ಮೇಲೆ ಬೀಳಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಏಳನೆಯವರೆಗೆ ನಾನು ಕನ್ನಡ ಮಾಧ್ಯಮದಲ್ಲಿ ಓದಿದವ; ಸಂಭವನೀಯತೆ ಎಂಬ ಪಾಠ ಆಮೇಲೆ ಇಂಗ್ಲಿಷಿನಲ್ಲಿ ಬಂದಾಗ ಚೀಲದಿಂದ ಗೋಲಿ ತೆಗೆಯುವ ಲೆಕ್ಕಗಳು ಯಾಕೆ ಬೇಕು ಅಂತಲೇ ಅರ್ಥವಾಗಿರಲಿಲ್ಲ. ಈಗ ಅರ್ಥವಾಯಿತು. 99 ಎಲೆಯಲ್ಲಿ 30 ಜಮೀನಿದ್ದರೆ, ಮೊದಲು ಎತ್ತುವ 7 ಎಲೆಯಲ್ಲಿ ಜಮೀನು ಒಂದೂ ಇಲ್ಲದಿರುವ ಅಥವಾ ಒಂದೇ ಇರುವ ಸಂಭವ ನೂರಕ್ಕೆ 31. ಅದೇ 37 ಜಮೀನಿಟ್ಟರೆ 19ಕ್ಕೆ ಇಳಿಯುತ್ತದೆ. ನಾಲ್ಕು ಜನರ ಆಟದಲ್ಲಿ ಮೊದಲ ಕೈ ಹಿಡಿಸದಿದ್ದರೆ ದಂಡವಿಲ್ಲದೆ ಒಮ್ಮೆ ಬದಲಾಯಿಸಿಕೊಳ್ಳಬಹುದು, ಆದ್ದರಿಂದ ನಿಜವಾದ ಅಪಾಯ ಇನ್ನೂ ಕಡಿಮೆ. ಏಳು ಬೆಟ್ಟದ ಎಲೆಗೆ ಇಷ್ಟು ವ್ಯತ್ಯಾಸ. ಹೊಸದಾಗಿ ಕಲಿಯುವವರು ಈ ಲೇಖನದಲ್ಲಿ ಬೇರೇನೂ ಓದದಿದ್ದರೂ ಪರವಾಗಿಲ್ಲ, 37 ಎಂಬ ಅಂಕೆಯನ್ನು ಬರೆದಿಟ್ಟುಕೊಳ್ಳಲಿ.

ಇಲ್ಲಿಯವರೆಗೆ ನಾನು ಮಾಡಿದ್ದು ಸರಿ. ಕಟ್ಟಿಗೆ ಒಂದು ಖಾತ್ರಿ ಬೇಕು ಎಂಬುದು ತಿಳಿಯಿತು. ದಾರಿ ತಪ್ಪಿದ್ದು ಆಮೇಲೆ. ಖಾತ್ರಿ ಅಂದರೆ ಏನು ಅಂತ ನಾನು ಕೇಳಿಕೊಳ್ಳಲಿಲ್ಲ. ಸೋತ ಹುರುಪಿನಲ್ಲಿ ಎರಡನೆಯ ಕಟ್ಟು ಕಟ್ಟಿದೆ.

ಅದರಲ್ಲಿ ಎರಡು ಕಪ್ಪು ಎಲೆ. ಒಂದು ಸ್ಯಾಂಗ್ವಿನ್ ಬಾಂಡ್: ನನಗೆ ಎಷ್ಟು ಜೀವ ಬರುತ್ತದೋ ಅಷ್ಟು ಒಬ್ಬ ಎದುರಾಳಿಗೆ ಹೋಗುತ್ತದೆ. ಇನ್ನೊಂದು ಎಕ್ಸ್‌ಕ್ವಿಸಿಟ್ ಬ್ಲಡ್: ಎದುರಾಳಿಗೆ ಎಷ್ಟು ಹೋಗುತ್ತದೋ ಅಷ್ಟು ನನಗೆ ಬರುತ್ತದೆ. ಜಮಾಖರ್ಚು ಕಲಿತವರಿಗೆ ಕೂಡಲೇ ಹೊಳೆಯಬೇಕು. ಅವನ ಖರ್ಚು ನನ್ನ ಜಮೆ, ನನ್ನ ಜಮೆ ಅವನ ಖರ್ಚು. ಎರಡೂ ಅಂಗಳದಲ್ಲಿದ್ದರೆ ಒಂದೇ ಒಂದು ಜೀವ ಎಲ್ಲಿಂದಾದರೂ ಬಂದರೆ ಸಾಕು, ಪುಸ್ತಕ ಮುಚ್ಚುವುದೇ ಇಲ್ಲ. ಒಬ್ಬ ಸತ್ತ ಮೇಲೆ ಮುಂದಿನವನ ಖಾತೆಗೆ ಹೋಗುತ್ತದೆ. ಮೂರು ಜನರ 40 ಜೀವವೂ ಒಂದೇ ಉಸಿರಿಗೆ ಮುಗಿಯುತ್ತದೆ. ಆದರೆ ಎಲೆ ಒಂದೊಂದೇ ಇಡಬೇಕಲ್ಲ? ಮೊದಲ ಹತ್ತು ಎಲೆಯೊಳಗೆ ಇಂಥದ್ದೇ ಒಂದು ಎಲೆ ಸಿಗುವ ಸಂಭವ ನೂರಕ್ಕೆ ಹತ್ತು. ಅದಕ್ಕೂ ಮದ್ದಿದೆ. ಡೆಮಾನಿಕ್ ಟ್ಯೂಟರ್ ಅಂತ ಒಂದು ಎಲೆ, ಕಟ್ಟನ್ನೆಲ್ಲ ಹುಡುಕಿ ಬೇಕಾದ ಎಲೆ ಕೈಗೆ ತಂದುಕೊಡುತ್ತದೆ. ಡಯಬಾಲಿಕ್ ಟ್ಯೂಟರ್ ಸ್ವಲ್ಪ ದುಬಾರಿ, ಕೆಲಸ ಅದೇ. ಇಡಿಲಿಕ್ ಟ್ಯೂಟರ್ ಇದೆ. ಹೀಗೆ ಆರು ಹುಡುಕುವ ಎಲೆ ಹಾಕಿದೆ. ನಾಯಕ ಕಾರ್ಲೊವ್, ಜೊತೆಗೆ ಚಿಲ್ಲರೆ ಜೀವ ತರುವ ಸಣ್ಣ ಸಣ್ಣ ಎಲೆಗಳು.

ನಾಲ್ಕು ಭಾನುವಾರ ಸಾಲಾಗಿ ಗೆದ್ದೆ. ಹೆಚ್ಚುಕಡಿಮೆ ಏಳನೆಯ ಎಂಟನೆಯ ಸರದಿಗೆ, ನಾಲ್ಕೂ ಸಲ ಅದೇ ಎರಡು ಎಲೆಯಿಂದ. ಮೊದಲ ಭಾನುವಾರ ಎಲ್ಲರೂ ಬೆರಗಾದರು, ಎಲೆ ಕೈಗೆ ತೆಗೆದುಕೊಂಡು ಓದಿದರು. ಎರಡನೆಯ ಭಾನುವಾರ ನಕ್ಕರು. ಮೂರನೆಯದಕ್ಕೆ ನಾನು ಹುಡುಕುವ ಎಲೆ ಆಡಿದ ಕೂಡಲೇ ಚಿಕ್ಕಪ್ಪನ ಮಗಳು ತನ್ನ ಎಲೆಗಳನ್ನು ಒಟ್ಟು ಮಾಡತೊಡಗಿದಳು. "ಯಾಕೆ, ಇನ್ನೂ ಮುಗಿದಿಲ್ಲ" ಅಂದೆ. "ಮುಗಿದಿದೆ ಅಣ್ಣ, ನೀನು ಸುಮ್ಮನೆ ಓದಿ ಹೇಳಬೇಕಷ್ಟೆ" ಅಂದಳು.

ಡೊಂಬಿವಿಲಿಯವನ ವಿಷಯ ಬೇರೆ. ಅವನದು ವಿಜಾಪುರದ ಕಡೆಯ ಮನೆತನ. ವಾರವಿಡೀ ಕಾಲೇಜು, ಸಂಜೆ ಅಂಗಡಿಯಲ್ಲಿ ಕೆಲಸ, ಸಿಗುವುದು ಭಾನುವಾರ ಒಂದೇ. ಭಾನುವಾರವೆಂದರೆ ಮೆಗಾಬ್ಲಾಕು. ಆ ನಾಲ್ಕನೆಯ ಭಾನುವಾರ ಲೋಕಲ್ ಗಾಡಿಗಳು ಎಲ್ಲೆಲ್ಲೋ ನಿಂತು, ಅವನು ಬಂದು ಮುಟ್ಟುವಾಗ ಎರಡು ಗಂಟೆ ಹಿಡಿದಿತ್ತು. ಅವನ ಕಟ್ಟು ನಿಧಾನದ್ದು. ಮಣ್ಣಿಗೆ ಹೋದ ಪ್ರಾಣಿಗಳನ್ನು ಒಂದೊಂದಾಗಿ ಎಬ್ಬಿಸಿ ತರುವ ಕಟ್ಟು. ಅದು ಆಗಷ್ಟೇ ಎದ್ದು ಕೂರುತ್ತಿತ್ತು. ನಾನು ಎರಡನೆಯ ಎಲೆ ಇಟ್ಟೆ. ಅವನು ಸಿಟ್ಟು ಮಾಡಲಿಲ್ಲ. ಎಲೆಗಳನ್ನು ಡಬ್ಬಿಗೆ ಹಾಕಿಕೊಳ್ಳುತ್ತಾ, "ದೋಸ್ತ, ನೀ ಒಬ್ಬನ ಆಡಾಕತ್ತಿ. ನಾವು ಮೂರು ಮಂದಿ ನೋಡಾಕ ಬಂದೀವೇನು?" ಅಂದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಈ ಮಾತನ್ನು ನಮ್ಮ ಇಂಜಿನಿಯರಿಂಗಿನ ಗೆಳೆಯನಿಗೆ ಹೇಳಿದರೆ ಅವನು ಒಪ್ಪುವುದಿಲ್ಲ. "ಗೆಲ್ಲಲಿಕ್ಕೆ ಅಲ್ಲದಿದ್ದರೆ ಮತ್ತೆ ಎಂಥದಕ್ಕೆ ಆಡುವುದು ಮಾರಾಯ? ಅವನೂ ಒಳ್ಳೆಯ ಕಟ್ಟು ಕಟ್ಟಲಿ" ಅನ್ನುತ್ತಾನೆ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಇಬ್ಬರೇ ಆಡುವ ಆಟ ಇದೆ, 60 ಎಲೆಯದ್ದು, ಒಂದೇ ಎಲೆ ನಾಲ್ಕರ ತನಕ ಇಡಬಹುದು. ಅಲ್ಲಿ ನಾನು ಅವನ ಪಕ್ಷವೇ. ಸೋತವನು ಎಲೆ ಕಲಸಿ ಮತ್ತೆ ಕೂರುತ್ತಾನೆ, ಹದಿನೈದು ನಿಮಿಷದ ವ್ಯವಹಾರ. ನಾಲ್ಕು ಜನರ ಆಟದ ಲೆಕ್ಕ ಬೇರೆ. ನಾಲ್ವರೂ ಸರಿಸಮಾನ ಇದ್ದರೆ ನನ್ನ ಪಾಲಿಗೆ ಬರುವ ಗೆಲುವು ನಾಲ್ಕಕ್ಕೆ ಒಂದು. ಅಂದರೆ ನ್ಯಾಯವಾಗಿ ನಡೆದರೂ ನಾಲ್ಕು ಭಾನುವಾರದಲ್ಲಿ ಮೂರು ನಾನು ಸೋಲುವವನೇ. ಆ ಮೂರು ಭಾನುವಾರಗಳನ್ನು ಏನು ಮಾಡುವುದು? ಗೆದ್ದಾಗ ಮಾತ್ರ ಸೊಗಸಾಗಿರುವ ಕಟ್ಟು ಕಟ್ಟಿದವನು ಮುಕ್ಕಾಲು ಪಾಲು ದಿನ ಮುಖ ಊದಿಸಿಕೊಂಡು ಕೂರಬೇಕಾಗುತ್ತದೆ, ಇಲ್ಲವೇ ನನ್ನ ಹಾಗೆ ಉಳಿದ ಮೂವರನ್ನು ಕೂರಿಸಬೇಕಾಗುತ್ತದೆ. ಸೋಲುವ ದಿನವೂ ಆರೇಳು ಸರದಿ ಏನಾದರೂ ಮಾಡಿದೆ ಅನ್ನಿಸುವ ಕಟ್ಟು ಬೇಕು. ಇದು ದಾನಧರ್ಮದ ಮಾತಲ್ಲ, ನನ್ನದೇ ಮೂರು ಭಾನುವಾರಗಳ ಮಾತು.

ಈಗ ಆ ಖಾತ್ರಿಯ ವಿಷಯಕ್ಕೆ ಬರುತ್ತೇನೆ. ಖಾತ್ರಿಯಲ್ಲಿ ಎರಡು ಬಗೆ ಇದೆ ಅಂತ ನನ್ನ ವಾದ. ಒಂದು ಆಡುವ ಖಾತ್ರಿ: ಯಾವ ಕೈ ಬಂದರೂ ಜಮೀನು ಇರುತ್ತದೆ, ಎಲೆ ಎತ್ತುವ ದಾರಿ ಇರುತ್ತದೆ, ಏನೋ ಒಂದು ಕೆಲಸ ನಡೆಯುತ್ತದೆ. ಇನ್ನೊಂದು ಮುಗಿಸುವ ಖಾತ್ರಿ: ಏನೇ ಬಂದರೂ ಕೊನೆ ಒಂದೇ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಎರಡಕ್ಕೂ ಇಂಗ್ಲಿಷಿನಲ್ಲಿ ಕನ್ಸಿಸ್ಟೆನ್ಸಿ ಎಂದೇ ಹೆಸರು. ನನ್ನ ಮೊದಲನೆಯ ಕಟ್ಟಿಗೆ ಮೊದಲನೆಯದ್ದು ಇರಲಿಲ್ಲ. ಎರಡನೆಯ ಕಟ್ಟಿಗೆ ಎರಡನೆಯದ್ದು ಮಾತ್ರ ಇತ್ತು.

ಆಡುವ ಖಾತ್ರಿ ಹುಡುಕುವ ಎಲೆಯಿಂದ ಬರಬೇಕಾಗಿಲ್ಲ. ಒಂದೇ ಕೆಲಸ ಮಾಡುವ ಬೇರೆ ಬೇರೆ ಎಲೆ ಬೇಕಾದಷ್ಟಿವೆ. ಒಂದೇ ಎಲೆ ಇಟ್ಟರೆ ಮೊದಲ ಹತ್ತರಲ್ಲಿ ಸಿಗುವುದು ನೂರಕ್ಕೆ 10 ಸಲ ಅಂದೆನಲ್ಲ. ಅದೇ ಕೆಲಸದ 8 ಎಲೆ ಇಟ್ಟರೆ ಒಂದಾದರೂ ಸಿಗುವುದು 59 ಸಲ, 12 ಇಟ್ಟರೆ 74, 16 ಇಟ್ಟರೆ 84. ಮೊದಲ ಎಂಟು ಎಲೆಗೆ ಸಿಕ್ಕ ಲಾಭ ಕೊನೆಯ ನಾಲ್ಕಕ್ಕೆ ಇಲ್ಲ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ನಮ್ಮ ಮೇಷ್ಟ್ರು ಬಾಳೆಹಣ್ಣಿನ ಉದಾಹರಣೆಯಿಂದ ಹೇಳಿಕೊಟ್ಟಿದ್ದರು, ನನಗೆ ಈ ಎಲೆಗಳಿಂದ ಗಟ್ಟಿಯಾಯಿತು. ಹತ್ತು ಹನ್ನೆರಡಕ್ಕೆ ನಿಲ್ಲಿಸಿದರೆ ಸಾಕು. ಹೀಗೆ ಮಾಡಿದಾಗ ಪ್ರತಿ ಸಲ ಕೆಲಸ ಆಗುತ್ತದೆ, ಆದರೆ ಪ್ರತಿ ಸಲ ಬೇರೆ ಎಲೆಯಿಂದ ಆಗುತ್ತದೆ. ಇವತ್ತು ಇದು ಬಂತು, ಹೋದ ವಾರ ಅದು ಬಂದಿತ್ತು. ಹುಡುಕುವ ಎಲೆ ಇದಕ್ಕೆ ತದ್ವಿರುದ್ಧ. ಅದು ಪ್ರತಿ ಸಲ ಅದೇ ಎಲೆಯನ್ನು ತರುತ್ತದೆ, 99 ಬೇರೆ ಬೇರೆ ಎಲೆ ಇಡಬೇಕೆಂಬ ನಿಯಮವೇ ಯಾಕೆ ಬಂತು ಎಂಬುದನ್ನು ಅಳಿಸಿಹಾಕುತ್ತದೆ. ಮೇಲಾಗಿ ಒಬ್ಬ ಕಟ್ಟು ಕೈಯಲ್ಲಿ ಹಿಡಿದು ಹುಡುಕಿ, ಮತ್ತೆ ಕಲಸಿ ಇಡುವ ತನಕ ಮೂವರು ಸುಮ್ಮನೆ ಫ್ಯಾನು ನೋಡುತ್ತಾ ಕೂರಬೇಕು.

ದುಡ್ಡಿನ ವಿಷಯ ಹೇಳದೆ ಹೋದರೆ ಅಪ್ರಾಮಾಣಿಕತೆ. ಹಳೆಯ ಕೆಲವು ಎಲೆಗಳನ್ನು ಮತ್ತೆ ಅಚ್ಚು ಮಾಡುವುದಿಲ್ಲ ಎಂದು ಕಂಪನಿ 1996ರಲ್ಲಿ ಮಾತು ಕೊಟ್ಟಿದೆ, ಅವುಗಳಲ್ಲಿ ಕೆಲವಕ್ಕೆ ನಮ್ಮ ಇಡೀ ಕೋರ್ಸಿನ ಫೀಸಿಗಿಂತ ಹೆಚ್ಚು ಬೆಲೆ. ನಾವು ನಾಲ್ವರೂ ಮಾಡುವುದು ಬೇರೆ. ನಿಜವಾದ ಎಲೆ ಕೈಗೆಟುಕಿದಷ್ಟು ಕೊಳ್ಳುತ್ತೇವೆ. ಉಳಿದದ್ದನ್ನು ಝೆರಾಕ್ಸ್ ಅಂಗಡಿಯಲ್ಲಿ ಕಾಗದದ ಮೇಲೆ ತೆಗೆಸಿ, ಕತ್ತರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಇಸ್ಪೀಟು ಎಲೆಯ ಮುಂದೆ ಸೇರಿಸುತ್ತೇವೆ. ಪಂದ್ಯದಲ್ಲಿ ಇದು ಸಲ್ಲುವುದಿಲ್ಲ, ಮನೆಯಲ್ಲಿ ಸಲ್ಲುತ್ತದೆ, ಮಾರಾಟಕ್ಕಂತೂ ಅಲ್ಲ. ಇದರಿಂದ ಬಡವ ಬಲ್ಲಿದ ಎಂಬ ಭೇದ ಹೋಯಿತು ಅಂತ ನಾವು ಹೆಮ್ಮೆಪಟ್ಟೆವು. ಹೋಯಿತು, ನಿಜ. ಆದರೆ ಅದರ ಜೊತೆಗೆ ಒಂದು ಬೇಲಿಯೂ ಹೋಯಿತು. ಮೊದಲು "ಈ ಎಲೆ ನನ್ನ ಹತ್ತಿರ ಇಲ್ಲ" ಅನ್ನಬಹುದಿತ್ತು. ಈಗ ಎರಡು ರೂಪಾಯಿಗೆ ಯಾವ ಎಲೆಯೂ ಇದೆ. ಇಡುತ್ತೇನೋ ಬಿಡುತ್ತೇನೋ ಎಂಬುದಕ್ಕೆ ನಾನೊಬ್ಬನೇ ಹೊಣೆ.

ನಿಯಮ ಮಾಡಿ ಇದನ್ನು ಸರಿಪಡಿಸಬಹುದೇ? ಪ್ರಯತ್ನ ನಡೆದಿದೆ. ಕಮಾಂಡರ್ ಆಟದ ನಿಯಮಗಳನ್ನು ಬಹಳ ಕಾಲ ಆಟಗಾರರದ್ದೇ ಒಂದು ಸಮಿತಿ ನೋಡಿಕೊಳ್ಳುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಆ ಸಮಿತಿ ನಾಲ್ಕು ಎಲೆಗಳನ್ನು ನಿಷೇಧಿಸಿತು. ಅದರಲ್ಲಿ ಮಾನಾ ಕ್ರಿಪ್ಟ್, ಜುವೆಲ್ಡ್ ಲೋಟಸ್ ಎಂಬ ಭಾರಿ ಬೆಲೆಯ ಎಲೆಗಳೂ ಇದ್ದವು. ದುಡ್ಡು ಸುರಿದವರು ರೇಗಿದರು, ಸಮಿತಿಯವರಿಗೆ ಬೆದರಿಕೆಗಳು ಬಂದವು. ಕೊನೆಗೆ ಅದೇ ತಿಂಗಳ ಕೊನೆಯಲ್ಲಿ ಎಲ್ಲವನ್ನೂ ಕಂಪನಿಗೆ ಒಪ್ಪಿಸಿ ಸಮಿತಿ ಕೈತೊಳೆದುಕೊಂಡಿತು. ಇಸ್ಪೀಟು ಎಲೆಗಾಗಿ ಬೆದರಿಕೆ! 2025ರಲ್ಲಿ ಕಂಪನಿ ಪ್ರಯೋಗಕ್ಕೆಂದು ಐದು ಮೆಟ್ಟಿಲು ಮಾಡಿತು. ಕೆಳಗಿನದು ಸುಮ್ಮನೆ ಮೋಜಿಗೆ, ಮೇಲಿನದು ಗೆಲ್ಲಲೇಬೇಕೆಂಬವರಿಗೆ. ಆಟದ ದಿಕ್ಕನ್ನೇ ತಿರುಗಿಸುವ ಎಲೆಗಳ ಪಟ್ಟಿಯನ್ನೂ ಕೊಟ್ಟಿತು. ಒಳ್ಳೆಯದೇ. ಗುರುತು ಪರಿಚಯವಿಲ್ಲದ ನಾಲ್ಕು ಜನ ಅಂಗಡಿಯಲ್ಲಿ ಕೂರುವಾಗ "ನಿಮ್ಮದು ಎಷ್ಟನೆಯ ಮೆಟ್ಟಿಲು?" ಅಂತ ಕೇಳುವುದಕ್ಕಾದರೂ ಒಂದು ಮಾತಾಯಿತು. ಆದರೆ ನನ್ನ ರಕ್ತದ ಕಟ್ಟನ್ನು ಸ್ವಲ್ಪ ತಿದ್ದಿದರೆ ನಡುವಿನ ಮೆಟ್ಟಿಲಿನಲ್ಲಿ ಸಭ್ಯನಾಗಿ ಕೂರಿಸಬಹುದಿತ್ತು. ಅಕ್ಷರಕ್ಕೆ ತಪ್ಪಿಲ್ಲ. ಡೊಂಬಿವಿಲಿಯವನು ಆಗಲೂ ಎದ್ದು ಹೋಗುತ್ತಿದ್ದ.

ಅಕ್ಷರ ಅಂದಾಗ ನೆನಪಾಯಿತು. ಈ ಆಟವೆಲ್ಲ ಇಂಗ್ಲಿಷ್ ವಾಕ್ಯಗಳ ಮೇಲೆ ನಿಂತಿದೆ. ಮೊದಮೊದಲು ನಾನು ಪ್ರತಿ ಎಲೆಯನ್ನೂ ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಓದುತ್ತಿದ್ದೆ. ಉಳಿದವರು ಕಣ್ಣಾಡಿಸಿ ಬಿಡುತ್ತಿದ್ದರು, ನಾನು ಹಿಂದೆ ಬೀಳುತ್ತಿದ್ದೆ. ಆದರೆ "ಮಾಡಬಹುದು" ಎಲ್ಲಿ, "ಮಾಡಲೇಬೇಕು" ಎಲ್ಲಿ, "ನಿನ್ನ ಒಡೆತನದ್ದು" ಎಲ್ಲಿ, "ನಿನ್ನ ಕೈವಶದಲ್ಲಿರುವುದು" ಎಲ್ಲಿ ಎಂಬುದು ನಿಧಾನ ಓದುವವನಿಗೇ ಕಾಣುವುದು. ನನ್ನ ಮೂರನೆಯ ಕಟ್ಟು ಹುಟ್ಟಿದ್ದು ಈ ಒಡೆತನ, ಕೈವಶ ಎಂಬ ಎರಡು ಮಾತುಗಳ ನಡುವಿನ ಸಂದಿಯಲ್ಲಿ.

ನಾಯಕಿಯ ಹೆಸರು ಜೆಡ್ರೂ. ಕಂಪನಿಯ ಮೊದಲ ಸಿದ್ಧ ಕಟ್ಟುಗಳ ಜೊತೆ 2011ರಲ್ಲೇ ಬಂದವಳು. ಬಿಳಿ, ನೀಲಿ, ಕೆಂಪು ಮೂರು ಬಣ್ಣ. ಕರೆಯಲು ನಾಲ್ಕು ಮಾನಾ. ಅವಳ ಗುಣ ಎರಡು. ಮೂರು ಮಾನಾ ಕೊಟ್ಟರೆ ನನ್ನ ಅಂಗಳದ ಒಂದು ವಸ್ತುವನ್ನು ಎದುರಾಳಿಯೊಬ್ಬನ ಕೈವಶಕ್ಕೆ ಕೊಡಬಹುದು. ಮತ್ತೆ ನನ್ನ ಪ್ರತಿ ಸರದಿಯ ಆರಂಭದಲ್ಲಿ, ನನ್ನ ಒಡೆತನದ ಎಷ್ಟು ವಸ್ತು ಎದುರಾಳಿಗಳ ಬಳಿ ಇವೆಯೋ ಅಷ್ಟು ಜೀವ, ಅಷ್ಟು ಎಲೆ ನನಗೆ. ಕಾಮರ್ಸಿನವನಿಗೆ ಇದಕ್ಕಿಂತ ಏನು ಬೇಕು? ಅಸಲು ಅವರ ಅಂಗಳದಲ್ಲಿ, ಬಡ್ಡಿ ನನ್ನ ಕೈಗೆ. ಅದಕ್ಕಿಂತ ಸೊಗಸಾದ ಇನ್ನೊಂದು ನಿಯಮ ಇದೆ. ನಾನು ಸೋತು ಎದ್ದರೆ ನನ್ನ ಒಡೆತನದ್ದೆಲ್ಲ ನನ್ನ ಜೊತೆ ಆಟ ಬಿಟ್ಟು ಹೋಗುತ್ತದೆ. ಆದ್ದರಿಂದ ನನ್ನಿಂದ ಒಳ್ಳೆಯ ವಸ್ತು ಪಡೆದವನು ನನ್ನನ್ನು ಕೊಲ್ಲುವ ಮೊದಲು ಎರಡು ಸಲ ಯೋಚಿಸುತ್ತಾನೆ. ಸಾಲಗಾರ ಸಾಹುಕಾರನ ಆರೋಗ್ಯ ವಿಚಾರಿಸುವ ಏಕೈಕ ಆಟ.

ಜಮೀನು 37. ಸೋಲ್ ರಿಂಗ್, ಆರ್ಕೇನ್ ಸಿಗ್ನೆಟ್ ಥರದ ಮಾನಾ ಕೊಡುವ ಸಾಮಾನು 10, ಮೂರು ಬಣ್ಣದ ಕಟ್ಟಿಗೆ ಇದು ಉಪ್ಪಿನಷ್ಟೇ ಅವಶ್ಯ. ಎಲೆ ಎತ್ತಿಸುವವು 10. ಕೊಡಲು ಯೋಗ್ಯವಾದ ವಸ್ತುಗಳು 12. ತೊಂದರೆ ಬಂದರೆ ನಿವಾರಿಸುವವು 10. ಉಳಿದ 20 ನನ್ನ ಖುಷಿ. ಈ ಪಟ್ಟಿಯನ್ನು ಶಾಸ್ತ್ರ ಅಂತ ಯಾರೂ ತಿಳಿಯಬೇಡಿ, ನಾಯಕ ಬದಲಾದರೆ ಲೆಕ್ಕ ಬದಲಾಗುತ್ತದೆ.

ಕೊಡುವ ವಸ್ತುಗಳ ವಿಷಯದಲ್ಲೇ ನಾನು ಹೆಚ್ಚು ರಾತ್ರಿ ಕಳೆದದ್ದು. ಹೌಲಿಂಗ್ ಮೈನ್ ಅಂತ ಒಂದು ಹಳೆಯ ಎಲೆ, 1993ರದ್ದು. ಅದು ಇದ್ದರೆ ಪ್ರತಿಯೊಬ್ಬನೂ ತನ್ನ ಸರದಿಯಲ್ಲಿ ಒಂದು ಎಲೆ ಹೆಚ್ಚು ಎತ್ತುತ್ತಾನೆ. ಜಮೀನು ಸಿಗದೆ ಒದ್ದಾಡುವವನಿಗೆ ಸಂಜೀವಿನಿ. ಮೊದಲ ಕಟ್ಟಿನಲ್ಲಿ ನಾನು ಚಹಾ ಮಾಡುತ್ತಿದ್ದೆನಲ್ಲ, ಆಗ ಯಾರಾದರೂ ಇದನ್ನು ಇಟ್ಟಿದ್ದರೆ ನಾನೂ ಆಡುತ್ತಿದ್ದೆ. ಹಂಬಲ್ ಡಿಫೆಕ್ಟರ್ ಅಂತ ಇನ್ನೊಬ್ಬ ಇದ್ದಾನೆ: ಅವನನ್ನು ಬಳಸಿದರೆ ಎರಡು ಎಲೆ ಸಿಗುತ್ತದೆ, ಆದರೆ ಕೂಡಲೇ ಅವನು ಎದುರಾಳಿಯ ಪಾಲು. ಆ ಎದುರಾಳಿಯೂ ತನ್ನ ಸರದಿಯಲ್ಲಿ ಎರಡು ಎಲೆ ಎತ್ತಿ ಇನ್ನೊಬ್ಬನಿಗೆ ದಾಟಿಸಬಹುದು. ಹಳ್ಳಿಯಲ್ಲಿ ಒಂದೇ ಪಂಚಾಂಗ ಮನೆಯಿಂದ ಮನೆಗೆ ಹೋದ ಹಾಗೆ ಅವನು ಇಡೀ ಸಂಜೆ ಮೇಜು ಸುತ್ತುತ್ತಾನೆ, ಯಾರ ಬಳಿ ಇದ್ದರೂ ಬಡ್ಡಿ ನನಗೆ. ಅಕ್ರೋನ್ ಹಾರ್ಸ್ ಎಂಬ ಕುದುರೆ ಬರುವಾಗಲೇ ಎದುರಾಳಿಯ ಮನೆ ಸೇರುತ್ತದೆ. ಆಮೇಲೆ ಅವನ ಸರದಿ ಬಂದಾಗಲೆಲ್ಲ ಅವನ ವೈರಿಗಳಿಗೆ, ಅಂದರೆ ನಮ್ಮ ಮೂವರಿಗೂ, ಒಬ್ಬೊಬ್ಬ ಸೈನಿಕ. ಟ್ರಾಯ್ ಪಟ್ಟಣದ ಕಥೆ ಓದಿದವರು ಇದಕ್ಕೆ ನಗದೆ ಇರಲಾರರು. ಸ್ಟೀಲ್ ಗೋಲೆಮ್ ಕೂಡ ತುಂಟ ಉಡುಗೊರೆಯೇ: ಅದು ಯಾರ ಬಳಿ ಇರುತ್ತದೋ ಅವನು ಹೊಸ ಪ್ರಾಣಿ ಕರೆಯುವಂತಿಲ್ಲ. ಇದನ್ನು ಇಟ್ಟದ್ದಕ್ಕೆ ಚಿಕ್ಕಪ್ಪನ ಮಗಳು ಮುಖ ತಿರುಗಿಸಿದಳು, ಅವಳ ಕಟ್ಟಿನಲ್ಲಿ ಪ್ರಾಣಿ ಬಿಟ್ಟು ಬೇರೇನಿಲ್ಲ. ತೆಗೆಯಲೋ ಬೇಡವೋ ಇನ್ನೂ ಯೋಚಿಸುತ್ತಿದ್ದೇನೆ.

ಇಷ್ಟು ಓದಿದ ಮೇಲೆ, ಹಾಗಾದರೆ ಗೆಲ್ಲುವುದೇ ಬೇಡವೇ ಎಂದು ಕೇಳುವಿರಿ. ಬೇಕು. ಎಲ್ಲರಿಗೂ ಕೊಡುತ್ತಾ ಕೂತು, ಮುಗಿಸುವ ದಾರಿಯೇ ಇಲ್ಲದ ಕಟ್ಟುಗಳನ್ನೂ ನೋಡಿದ್ದೇನೆ. ಅದೂ ಒಂದು ಬಗೆಯ ಉಪದ್ರವ. ಆಟ ನಾಲ್ಕು ಗಂಟೆ ಎಳೆಯುತ್ತದೆ. ಹೆಚ್ಚು ಪಡೆದ ಒಬ್ಬನೇ ಗೆಲ್ಲುತ್ತಾನೆ, ಅವನನ್ನು ಗೆಲ್ಲಿಸಿದ್ದು ಕೊಟ್ಟವನು, ಉಳಿದ ಇಬ್ಬರಿಗೆ ಆಡಿದ್ದೇ ವ್ಯರ್ಥ. ಆದ್ದರಿಂದ ಮುಗಿಸಲು ಸೈಕೋಸಿಸ್ ಕ್ರಾಲರ್ ಇಟ್ಟಿದ್ದೇನೆ: ನಾನು ಎತ್ತುವ ಒಂದೊಂದು ಎಲೆಗೂ ಪ್ರತಿ ಎದುರಾಳಿಗೆ ಒಂದು ಜೀವ ನಷ್ಟ. ನಿವ್-ಮಿಜೆಟ್ ಎಂಬ ಡ್ರ್ಯಾಗನ್ನಿನ ಎರಡು ಬೇರೆ ಬೇರೆ ಎಲೆಗಳೂ ಸುಮಾರು ಇದೇ ಕೆಲಸ ಮಾಡುತ್ತವೆ. ಮೂರರಲ್ಲಿ ಯಾವುದೋ ಒಂದು ಬಂದೀತು, ಬರದೆಯೂ ಇರಬಹುದು. ಬಂದರೂ ಒಂದೇ ಉಸಿರಿಗೆ ಮುಗಿಯುವುದಿಲ್ಲ. ಒಂದೆರಡು ಸುತ್ತು ಎಲ್ಲರಿಗೂ ಕಾಣುತ್ತಿರುತ್ತದೆ, ತಡೆಯುವವರು ತಡೆಯಬಹುದು. "ಈ ಮನುಷ್ಯನನ್ನು ಈಗ ನಿಲ್ಲಿಸದಿದ್ದರೆ ಕೆಟ್ಟೆವು" ಅಂತ ಮೂವರೂ ಒಂದಾಗಲು ಅವಕಾಶ ಇರಬೇಕು. ಹಾಗೆ ಮೂವರೂ ಒಂದಾಗಿ ನನ್ನನ್ನು ಹೊಡೆದು ಹಾಕಿದ ಒಂದು ಸಂಜೆ ಈಗಾಗಲೇ ಆಗಿದೆ. ಡೊಂಬಿವಿಲಿಯವನ ಜಾಗದಲ್ಲಿ ಅಂದು ಇಂಜಿನಿಯರನ ರೂಮಿನ ಜೊತೆಗಾರ ಕೂತಿದ್ದ. ಆ ಸೋಲಿನ ಬಗ್ಗೆ ಅವರು ಕ್ಯಾಂಟೀನಿನಲ್ಲಿ ಎರಡು ದಿನ ಮಾತಾಡಿದರು. ನಾನು ನಾಲ್ಕು ಸಲ ಗೆದ್ದದ್ದರ ಬಗ್ಗೆ ಯಾರೂ ಒಂದು ದಿನವೂ ಮಾತಾಡಿರಲಿಲ್ಲ.

ಹೋದ ವಾರ ಡೊಂಬಿವಿಲಿಗೆ ಫೋನು ಮಾಡಿದೆ. ಮೊದಲು ಪರೀಕ್ಷೆ, ಅಂಗಡಿ, ಅವನ ಅವ್ವನ ಮಂಡಿನೋವು ಎಲ್ಲ ಆಯಿತು. ಆಮೇಲೆ ಅವನೇ ಕೇಳಿದ, "ಆ ರಕ್ತದ ಲೆಕ್ಕ ಇನ್ನೂ ಐತೇನು?" ಬಿಚ್ಚಿಹಾಕಿದೆ ಅಂದೆ. "ಮತ್ತ ಈಗೇನು ಕಟ್ಟೀದಿ?" ಸಾಲ ಕೊಡುವ ಕಟ್ಟು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಲ ಅಂದ್ರ ನಮ್ಮ ಮನ್ಯಾಗ ಭಾಳ ಗೊತ್ತೈತಿ. ನೋಡೂಣು, ಬ್ಲಾಕ್ ಇಲ್ಲಂದ್ರ ಬರ್ತೀನಿ" ಅಂದ.

ಭಾನುವಾರಕ್ಕೆ ಇನ್ನು ಮೂರು ದಿನ. ಕಟ್ಟು ಎಣಿಸಿದರೆ ನಾಯಕಿಯೂ ಸೇರಿ 103 ಇದೆ. ಮೂರು ತೆಗೆಯಬೇಕು. ಒಂದು ಯಾವುದೆಂದು ಗೊತ್ತು: ಸೈಕ್ಲಾನಿಕ್ ರಿಫ್ಟ್. ಏಳು ಮಾನಾ ಕೊಟ್ಟರೆ ಎದುರಿನ ಮೂವರ ಅಂಗಳದಲ್ಲಿ ಜಮೀನು ಬಿಟ್ಟು ಉಳಿದದ್ದೆಲ್ಲ ಅದರದರ ಒಡೆಯನ ಕೈಗೆ ವಾಪಸು. ಆಡಿದರೆ ನಾನು ಸಾಲ ಕೊಟ್ಟದ್ದೆಲ್ಲ ನನ್ನ ಕೈಗೇ ಬಂದು ಬಡ್ಡಿಯೂ ನಿಲ್ಲುತ್ತದೆ, ಅಂದರೆ ನನ್ನ ಈ ಕಟ್ಟಿಗೆ ಅದು ಸರಿಯಾಗಿ ಹೊಂದುವುದೂ ಇಲ್ಲ. ಆದರೂ ಅದು ಕೈಯಲ್ಲಿದ್ದರೆ ಏನೋ ಒಂದು ಧೈರ್ಯ. ನಿನ್ನೆ ರಾತ್ರಿ ಎರಡು ಸಲ ಹೊರಗೆ ತೆಗೆದು ಎರಡು ಸಲ ಒಳಗೆ ಇಟ್ಟೆ.